ಹಂಟಿಂಗ್‌ಡನ್ನಿನ ಹದಿನೈದು ವಾಟ್

1947ರ ಏಪ್ರಿಲ್ ಹೊತ್ತಿಗೆ ಬ್ರಿಟನ್ ಯುದ್ಧ ಗೆದ್ದು ಎರಡು ವರ್ಷ ಆಗುತ್ತ ಬಂದಿತ್ತು. ಆದರೂ ಬೆಣ್ಣೆ, ಮಾಂಸ, ಬಟ್ಟೆ ಎಲ್ಲಕ್ಕೂ ಇನ್ನೂ ರೇಷನ್. ಆ ತಿಂಗಳ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಲೇಖನ ಶುರುವಾಗಿ ಮೇ ಸಂಚಿಕೆಯಲ್ಲಿ ಮುಗಿಯಿತು. ಬರೆದವರು ಡಿ.ಟಿ.ಎನ್. ವಿಲಿಯಮ್ಸನ್, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಎಡಿನ್‌ಬರೋದ ಎಂಜಿನಿಯರ್. ವಾಲ್ವು (ಟ್ರಾನ್ಸಿಸ್ಟರಿಗಿಂತ ಮೊದಲು ಸಿಗ್ನಲ್ಲಿಗೆ ಬಲ ತುಂಬುತ್ತಿದ್ದ ಗಾಜಿನ ಕೊಳವೆ) ತಯಾರಿಸುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಗ ಅವರು ರೂಪಿಸಿದ್ದ ಆಂಪ್ಲಿಫೈಯರ್ ಒಂದರ ಪೂರ್ತಿ ನಕ್ಷೆ ಅದರಲ್ಲಿತ್ತು. ಯಾವ ವಾಲ್ವು, ಎಷ್ಟು ಓಮ್‌ನ ರೆಸಿಸ್ಟರ್, ಟ್ರಾನ್ಸ್‌ಫಾರ್ಮರಿಗೆ ತಂತಿಯನ್ನು ಎಷ್ಟು ಪದರ ಸುತ್ತಬೇಕು ಎಂಬುದರವರೆಗೆ ಯಾವುದನ್ನೂ ಮುಚ್ಚಿಡದೆ ಅಚ್ಚು ಹಾಕಿಸಿದ್ದರು. ಪತ್ರಿಕೆ ಕೊಂಡವರು ಯಾರು ಬೇಕಾದರೂ ಅದನ್ನು ಮನೆಯಲ್ಲಿ ಕಟ್ಟಬಹುದಿತ್ತು.

ಕಟ್ಟಿಯೂ ಬಿಟ್ಟರು. ಇಂಗ್ಲೆಂಡಿನಲ್ಲಷ್ಟೇ ಅಲ್ಲ, ಆಸ್ಟ್ರೇಲಿಯಾದಲ್ಲಿ, ಅಮೆರಿಕದಲ್ಲಿ, ರೇಡಿಯೊ ಹುಚ್ಚು ಹತ್ತಿದವರ ಮನೆಮನೆಗಳಲ್ಲಿ ‘ವಿಲಿಯಮ್ಸನ್ ಆಂಪ್ಲಿಫೈಯರ್’ ತಯಾರಾಯಿತು. ಹೀತ್‌ಕಿಟ್ ಎಂಬ ಅಮೆರಿಕನ್ ಕಂಪನಿ ಬಿಡಿಭಾಗಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಮಾರತೊಡಗಿತು. ಯುದ್ಧಕ್ಕೆಂದು ರೇಡಾರ್, ವೈರ್‌ಲೆಸ್ ಕೆಲಸ ಕಲಿತು ಊರಿಗೆ ಮರಳಿದ ಹುಡುಗರಿಗೆ ಬೆಸುಗೆ ಹಾಕುವುದು ಕೈಗೆ ಹತ್ತಿದ ವಿದ್ಯೆ. ಸೈನ್ಯ ಹರಾಜಿಗಿಟ್ಟ ಬಿಡಿಭಾಗಗಳು ಕಾಸಿಗೆ ಸಿಗುತ್ತಿದ್ದವು. ಹೈ-ಫೈ ಎಂದು ಆಮೇಲೆ ಜಗತ್ತು ಕರೆದ ಉದ್ಯಮ ಹುಟ್ಟಿದ್ದು ಬಹುಮಟ್ಟಿಗೆ ಇವರ ಅಡುಗೆಮನೆಯ ಮೇಜುಗಳ ಮೇಲೆ.

ಆ ಆಂಪ್ಲಿಫೈಯರಿನಲ್ಲಿ ಅಂಥದ್ದೇನಿತ್ತು ಎಂದರೆ, ಅಂದಿನ ರೇಡಿಯೊ ಹೇಗೆ ಕೇಳಿಸುತ್ತಿತ್ತು ಎಂಬುದನ್ನು ಮೊದಲು ನೋಡಬೇಕು. ಮೇಜಿನ ಮೇಲಿಡುವ ರೇಡಿಯೊದಲ್ಲಿ ದನಿ ಹೊರಡಿಸುವ ವಾಲ್ವು ಒಂದೇ. ಮೂರ್ನಾಲ್ಕು ವಾಟ್ ಕೊಟ್ಟರೆ ಹೆಚ್ಚು. ಪೂರ್ತಿ ದನಿಗಿಟ್ಟಾಗ ಹೊರಬಂದದ್ದರಲ್ಲಿ ಶೇ. 10ರಷ್ಟು ಮೂಲದಲ್ಲಿಲ್ಲದ ಕಲಬೆರಕೆ ನಾದ ಇದ್ದರೂ ತಯಾರಕರು ಅದನ್ನು ಒಪ್ಪಿಕೊಂಡೇ ವಾಟ್ ಲೆಕ್ಕ ಹೇಳುತ್ತಿದ್ದರು. ವಿಲಿಯಮ್ಸನ್ ನಕ್ಷೆ 15 ವಾಟ್ ಕೊಡುತ್ತ ಆ ಕಲಬೆರಕೆಯನ್ನು ಶೇ. 0.1ಕ್ಕಿಂತ ಕೆಳಗಿಳಿಸಿತು. ನೂರು ಪಟ್ಟು ಶುದ್ಧಿ.

ಇದರ ಹಿಂದಿದ್ದ ತಂತ್ರದ ಹೆಸರು ನೆಗೆಟಿವ್ ಫೀಡ್‌ಬ್ಯಾಕ್. 1927ರ ಆಗಸ್ಟ್ 2ರ ಬೆಳಗ್ಗೆ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೊರಟಿದ್ದಾಗ ಅದು ಹೊಳೆಯಿತು. ಕೈಯಲ್ಲಿದ್ದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಖಾಲಿ ಜಾಗದಲ್ಲೇ ಬರೆದಿಟ್ಟುಕೊಂಡರು. ಆಂಪ್ಲಿಫೈಯರ್ ಹೊರಹಾಕಿದ ಸಿಗ್ನಲ್ಲಿನ ಒಂದು ಪಾಲನ್ನು ತಿರುವುಮುರುವು ಮಾಡಿ ಒಳಗೆ ಬರುವ ಸಿಗ್ನಲ್ಲಿಗೇ ಸೇರಿಸುವುದು. ಆಗ ಯಂತ್ರ ತಾನು ಸೇರಿಸಿದ ತಪ್ಪನ್ನು ತಾನೇ ಕಳೆದುಕೊಳ್ಳುತ್ತದೆ. ಬಲ ಕಡಿಮೆಯಾಗುತ್ತದೆ, ಶುದ್ಧಿ ಹೆಚ್ಚುತ್ತದೆ. ಬ್ಲ್ಯಾಕ್ ಅವರಿಗೆ ಬೇಕಿದ್ದದ್ದು ದೂರದೂರಿನ ಟೆಲಿಫೋನ್ ಮಾತು ತಂತಿಯುದ್ದಕ್ಕೂ ಕೆಡದಂತೆ ಸಾಗಿಸುವುದು. ಇಪ್ಪತ್ತು ವರ್ಷದ ನಂತರ ಅದೇ ಉಪಾಯವನ್ನು ಮನೆಯ ಸಂಗೀತಕ್ಕೆ ಇಷ್ಟು ಧಾರಾಳವಾಗಿ ಬಳಸಲು ವಿಲಿಯಮ್ಸನ್ ಹೊರಟಾಗ ಅಡ್ಡ ಬಂದದ್ದು ಟ್ರಾನ್ಸ್‌ಫಾರ್ಮರ್.

ವಾಲ್ವು ಕೆಲಸ ಮಾಡುವುದು ನೂರಾರು ವೋಲ್ಟಿನಲ್ಲಿ, ಅತ್ಯಲ್ಪ ಕರೆಂಟಿನಲ್ಲಿ. ಸ್ಪೀಕರಿಗೆ ಬೇಕಾದದ್ದು ಇದರ ಉಲ್ಟಾ: ಕಡಿಮೆ ವೋಲ್ಟು, ಹೆಚ್ಚು ಕರೆಂಟು. ಇವೆರಡರ ನಡುವೆ ಕೂತು ಹೊಂದಾಣಿಕೆ ಮಾಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತಳಮಟ್ಟದ ಮಂದ್ರದಿಂದ ಕಿವಿಗೆ ಕೇಳದಷ್ಟು ತಾರದವರೆಗೂ ಸಿಗ್ನಲ್ಲನ್ನು ಕೆಡಿಸದೆ ದಾಟಿಸಬೇಕು. ದಾಟಿಸದಿದ್ದರೆ ವಾಪಸು ಬರುವ ಫೀಡ್‌ಬ್ಯಾಕ್ ತಡವಾಗಿ ಬಂದು, ತಪ್ಪು ತಿದ್ದುವ ಬದಲು ಆಂಪ್ಲಿಫೈಯರನ್ನೇ ಕೂಗಾಡಿಸುತ್ತದೆ. ಅಗ್ಗದ ಟ್ರಾನ್ಸ್‌ಫಾರ್ಮರ್ ಹಾಕಿದವರ ವಿಲಿಯಮ್ಸನ್‌ಗಳು ಹಾಗೇ ಕೂಗಾಡಿದವು. ಆದ್ದರಿಂದಲೇ ಲೇಖನದಲ್ಲಿ ಸುರುಳಿ ಸುತ್ತುವ ವಿಧಾನಕ್ಕೆ ಅಷ್ಟು ಜಾಗ ಕೊಟ್ಟಿದ್ದರು. ಇಂದಿಗೂ ಹಳೆಯ ವಾಲ್ವ್ ಆಂಪ್ಲಿಫೈಯರ್ ಕೊಳ್ಳುವವರು ಮೊದಲು ಕೇಳುವುದು ಟ್ರಾನ್ಸ್‌ಫಾರ್ಮರ್ ಮೂಲದ್ದೋ, ಬದಲಾಯಿಸಿದ್ದೋ ಎಂದು. ಮಿಕ್ಕಿದ್ದೆಲ್ಲ ಅಂಗಡಿಯಲ್ಲಿ ಸಿಗುತ್ತದೆ.

ಕೇಳಲು ಯೋಗ್ಯವಾದ ರೆಕಾರ್ಡುಗಳೂ ಆಗಲೇ ಬಂದವು. ಶತ್ರುವಿನ ಜಲಾಂತರ್ಗಾಮಿಯನ್ನು ಸದ್ದಿನಿಂದಲೇ ಗುರುತಿಸಲು ತರಬೇತಿ ಕೊಡುವ ರೆಕಾರ್ಡುಗಳಿಗಾಗಿ ಡೆಕ್ಕಾ ಕಂಪನಿಯ ಆರ್ಥರ್ ಹ್ಯಾಡಿ ಯುದ್ಧಕಾಲದಲ್ಲಿ ಮುದ್ರಣ ವಿಧಾನವನ್ನು ಸುಧಾರಿಸಿದ್ದರು. ಯುದ್ಧ ಮುಗಿದ ಮೇಲೆ ಅದೇ ವಿಧಾನದಲ್ಲಿ ವಾದ್ಯಮೇಳಗಳ ಮುದ್ರಣವಾಯಿತು. ಸುಮಾರು 14,000 ಹರ್ಟ್ಸ್‌ವರೆಗಿನ ನಾದ ತಟ್ಟೆಯ ಮೇಲೆ ಕೂತಿತ್ತು. ಹಳೆಯ ರೇಡಿಯೊಗ್ರಾಮ್‌ನಲ್ಲಿ ಅದನ್ನು ಹೊರತೆಗೆಯುವ ದಾರಿಯೇ ಇರಲಿಲ್ಲ.

ಇಂಥ ಶುದ್ಧ ದನಿಯ ಆಂಪ್ಲಿಫೈಯರನ್ನು ವ್ಯಾಪಾರವಾಗಿ ಮೊದಲು ಕಂಡವರಲ್ಲಿ ಒಬ್ಬರು ಲಂಡನ್ನಿನ ಹೆರಾಲ್ಡ್ ಲೀಕ್. 1945ರಲ್ಲೇ ಅವರು ‘ಪಾಯಿಂಟ್ ಒನ್’ ಎಂಬ ಆಂಪ್ಲಿಫೈಯರ್ ಮಾರಾಟಕ್ಕಿಟ್ಟಿದ್ದರು. ಶೇ. 0.1 ಕಲಬೆರಕೆ ಎಂಬ ಅಂಕಿಯೇ ಅದರ ಹೆಸರಾಗಿತ್ತು. ಅಂಕಿಯನ್ನು ನಂಬದೆ ಅಳೆದು ನೋಡಿದವರಿಗೂ ಅದು ನಿಜವೇ ಎಂದು ಗೊತ್ತಾಯಿತು. 1948ರಲ್ಲಿ ಬಂದ ಅವರ ಟಿಎಲ್/12 ಲೀಕ್ ಹೆಸರನ್ನು ದೇಶದ ಹೊರಗೂ ಒಯ್ದಿತು.

ಆದರೆ ಈ ಕಥೆಯ ನಡುಮನೆಯಲ್ಲಿ ಕೂರಬೇಕಾದವರು ಪೀಟರ್ ವಾಕರ್. 1936ರಲ್ಲಿ, ಇಪ್ಪತ್ತರ ವಯಸ್ಸಿಗೆ, ಲಂಡನ್ನಿನಲ್ಲಿ ಸಭೆ-ಸಮಾರಂಭಗಳಿಗೆ ಮೈಕು, ಸ್ಪೀಕರ್ ಒದಗಿಸುವ ಸಣ್ಣ ಕಂಪನಿ ತೆರೆದರು. ಅದು ಮುಂದೆ ‘ಅಕೌಸ್ಟಿಕಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ’ ಆಯಿತು. 1941ರಲ್ಲಿ ಜರ್ಮನ್ ಬಾಂಬಿಗೆ ಲಂಡನ್ನಿನ ಜಾಗ ಹೋದ ಮೇಲೆ ಗಂಟುಮೂಟೆ ಕಟ್ಟಿ ಹಂಟಿಂಗ್‌ಡನ್ ಎಂಬ ಪುಟ್ಟ ಪೇಟೆಗೆ ಹೋದರು. ಕೇಂಬ್ರಿಜ್ ಬಳಿಯ ಆ ಊರನ್ನು ಕಂಪನಿ ಮತ್ತೆ ದಶಕಗಳ ಕಾಲ ಬಿಡಲಿಲ್ಲ. ಯುದ್ಧಾನಂತರ ಮನೆಗಳಿಗಾಗಿ ತಯಾರಿಸಿದ ಆಂಪ್ಲಿಫೈಯರಿಗೆ ಅವರಿಟ್ಟ ಉದ್ದನೆಯ ಹೆಸರು ‘ಕ್ವಾಲಿಟಿ ಯೂನಿಟ್ ಆಂಪ್ಲಿಫೈಯರ್ ಡೊಮೆಸ್ಟಿಕ್’. ಮೊದಲಕ್ಷರ ಸೇರಿಸಿದರೆ ಕ್ವಾಡ್. 1953ರಲ್ಲಿ ಬಂದ ಕ್ವಾಡ್ ಟೂ 1967ರವರೆಗೂ ತಯಾರಾಯಿತು. ಒಟ್ಟು ಸುಮಾರು 90,000.

ಅದನ್ನು ಕೈಗೆತ್ತಿಕೊಂಡವರಿಗೆ ಮೊದಲು ಗೊತ್ತಾಗುವುದು ಭಾರ. ಒಂದು ಮೊಳಕ್ಕಿಂತ ಕಡಿಮೆ ಉದ್ದದ ಯಂತ್ರ, ಎಂಟು ಕಿಲೊ ಮೀರುತ್ತದೆ. ಕಂಚಿನ ಛಾಯೆಯ ಬೂದು ಬಣ್ಣ ಬಳಿದ ಉಕ್ಕಿನ ಚಾಸಿಸ್. ಒಂದು ತುದಿಗೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಇನ್ನೊಂದು ತುದಿಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ನಡುವೆ ಐದು ವಾಲ್ವು. ಅವುಗಳಲ್ಲಿ ಕಣ್ಣಿಗೆ ಬೀಳುವುದು ಎರಡು ಕೆಟಿ66, ಗೋಲಿ ಸೋಡಾ ಬಾಟಲಿಯ ಹಾಗೆ ಕುತ್ತಿಗೆ ಹಿಚುಕಿ ಮಾಡಿದ ಗಾಜು. ಅವುಗಳ ಪಕ್ಕ ಎರಡು ಪುಟಾಣಿ ಇಎಫ್86, ಎಸಿಯನ್ನು ಡಿಸಿ ಮಾಡುವ ಒಂದು ಜಿಝಡ್32. ವಿಲಿಯಮ್ಸನ್ ನಾಲ್ಕು ಹಂತಗಳಲ್ಲಿ ಮಾಡಿದ್ದ ಕೆಲಸವನ್ನು ವಾಕರ್ ಎರಡೇ ಹಂತಕ್ಕೆ ಇಳಿಸಿದ್ದರು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿಯ ಒಂದು ಪಾಲನ್ನು ಕೆಟಿ66ಗಳ ಕ್ಯಾಥೋಡ್ ಕಡೆಗೆ ಸೇರಿಸಿ, ಫೀಡ್‌ಬ್ಯಾಕಿನ ಅರ್ಧ ಕೆಲಸವನ್ನು ವಾಲ್ವಿನ ಬುಡದಲ್ಲೇ ಮುಗಿಸಿದ್ದರು. ಕೆಳಗಿನ ತಗಡು ಬಿಚ್ಚಿದರೆ ಒಳಗೆ ಬೆರಳೆಣಿಕೆಯ ರೆಸಿಸ್ಟರ್, ಕೆಪಾಸಿಟರ್‌ಗಳು. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಒಳ್ಳೆಯ ಆಂಪ್ಲಿಫೈಯರನ್ನು ಆಗಲೂ ಆಮೇಲೂ ಮಾಡಿದವರು ವಿರಳ. ಶಕ್ತಿ ಅದೇ 15 ವಾಟ್.

ಹದಿನೈದು ವಾಟ್ ಎಂದರೆ ಇಂದಿನವರು ಮೂಗು ಮುರಿಯುತ್ತಾರೆ. ಆದರೆ 1954ರ ನವೆಂಬರಿನಲ್ಲಿ ಬ್ರಾಡ್‌ಫರ್ಡಿನ ಸ್ಪೀಕರ್ ತಯಾರಕ ಗಿಲ್ಬರ್ಟ್ ಬ್ರಿಗ್ಸ್ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಒಂದು ಸಾಹಸಕ್ಕೆ ಇಳಿದರು. ಸುಮಾರು ಮೂರು ಸಾವಿರ ಜನ ಹಿಡಿಸುವ ಸಭಾಂಗಣ. ವೇದಿಕೆಯ ಮೇಲೆ ಕಲಾವಿದರು ನುಡಿಸಿದ್ದನ್ನು ಆಮೇಲೆ ಮುದ್ರಿಕೆಯಲ್ಲಿ ಸ್ಪೀಕರಿನಿಂದ ಕೇಳಿಸಿ, ಹೋಲಿಸಿ ನೋಡಿ ಎಂದು ಸಭೆಯ ಮುಂದೆಯೇ ಪರೀಕ್ಷೆಗೆ ಒಡ್ಡಿಕೊಂಡರು. ಅವರ ವಾರ್ಫ್‌ಡೇಲ್ ಸ್ಪೀಕರುಗಳಿಗೆ ಶಕ್ತಿ ಕೊಟ್ಟದ್ದು ಕ್ವಾಡ್ ಆಂಪ್ಲಿಫೈಯರುಗಳು, ಜೊತೆಗೆ ನಿಂತವರು ವಾಕರ್. ಕಾರ್ಯಕ್ರಮ ಎಷ್ಟು ಜನಪ್ರಿಯವಾಯಿತೆಂದರೆ ಮುಂದಿನ ವರ್ಷಗಳಲ್ಲೂ ಅಲ್ಲಿ ನಡೆಯಿತು, ನ್ಯೂಯಾರ್ಕಿನ ಕಾರ್ನೆಗಿ ಹಾಲಿಗೂ ಹೋಯಿತು. ಅಂದಿನ ಸ್ಪೀಕರುಗಳು ಸಣ್ಣ ಶಕ್ತಿಗೇ ದೊಡ್ಡ ದನಿ ಕೊಡುತ್ತಿದ್ದವು. ಕೋಣೆಯೊಂದರಲ್ಲಿ ಕೂತು ಕೇಳುವಾಗ ಹೆಚ್ಚಿನ ಹೊತ್ತು ಖರ್ಚಾಗುವುದು ಒಂದೆರಡು ವಾಟ್ ಮಾತ್ರ, ಈಗಲೂ ಅಷ್ಟೇ.

ಇಂಥ ಸಿದ್ಧ ಯಂತ್ರಗಳು ಬಂದರೂ ಮನೆಯಲ್ಲಿ ಕಟ್ಟುವವರ ಉತ್ಸಾಹವೇನೂ ತಗ್ಗಲಿಲ್ಲ. 1954ರಲ್ಲಿ ಮುಲ್ಲಾರ್ಡ್ ಕಂಪನಿ ‘5-10’ ಎಂಬ ನಕ್ಷೆ ಹೊರತಂದಿತು. ಐದು ವಾಲ್ವು, ಹತ್ತು ವಾಟ್. ವಾಲ್ವು ಮಾರುವುದೇ ಅವರ ಗುರಿ. ಆದ್ದರಿಂದ ನಕ್ಷೆ ಎಷ್ಟು ಹಂಚಿದರೂ ಲಾಭ ಅವರಿಗೇ. ಅದರಲ್ಲಿದ್ದ ಇಎಲ್84 ಎಂಬ ಬೆರಳುದ್ದದ ವಾಲ್ವು ಅಗ್ಗದ್ದು, ಚುರುಕಿನದು. 1958ರಲ್ಲಿ ಸ್ಟೀರಿಯೊ ರೆಕಾರ್ಡುಗಳು ಬಂದಾಗ ಲೀಕ್ ಹೊರಡಿಸಿದ ‘ಸ್ಟೀರಿಯೊ 20’ರಲ್ಲೂ ಇಂಥ ನಾಲ್ಕು ಇಎಲ್84ಗಳು, ಕಿವಿಗೆರಡರಂತೆ.

ಈ ಇಎಲ್84 ಕರ್ನಾಟಕಕ್ಕೆ ಅಪರಿಚಿತವಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಗೆ ಕೈ ಹಾಕಿತು. ಜಾಲಹಳ್ಳಿಯ ವಾಲ್ವುಗಳು ದೇಶದ ಮನೆಮನೆಯ ರೇಡಿಯೊಗಳೊಳಗೆ ಸೇರಿದವು. ವಿದೇಶಿ ಹೈ-ಫೈ ಸಾಮಾನಿಗೆ ಆಗ ಇಲ್ಲಿ ಪ್ರವೇಶ ಕಷ್ಟವಿದ್ದುದರಿಂದ ಕ್ವಾಡ್, ಲೀಕ್‌ಗಳನ್ನು ಕಂಡ ಕನ್ನಡಿಗರು ಕಡಿಮೆ. ಆದರೆ ಲೀಕ್ ಪೆಟ್ಟಿಗೆಯೊಳಗೆ ಜೋಡಿಯಾಗಿ ದುಡಿಯುತ್ತಿದ್ದ ಅದೇ ವಾಲ್ವು ಇಲ್ಲಿನ ಎಷ್ಟೋ ರೇಡಿಯೊಗಳಲ್ಲಿ ಒಂಟಿಯಾಗಿ ಕೂತು ವಾರ್ತೆ, ಹಾಡು ಕೇಳಿಸುತ್ತಿತ್ತು. ಬಿಇಎಲ್ ಮುದ್ರೆಯ ಇಎಲ್84ಗಳನ್ನು ಇವತ್ತು ವಿದೇಶದ ಹಳೆ ಆಂಪ್ಲಿಫೈಯರ್ ಮಾಲೀಕರೂ ಹುಡುಕಿ ಕೊಳ್ಳುತ್ತಾರೆ.

ಅರವತ್ತರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂತು. ಭಾರದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಡ, ಬಿಸಿ ಕಡಿಮೆ, ಸ್ವಿಚ್ ಒತ್ತಿದ ಕೂಡಲೇ ಹಾಡು. ಲೀಕ್ ಕಂಪನಿ 1963ರಲ್ಲೇ ‘ಸ್ಟೀರಿಯೊ 30’ ತಂದು ಮುಂದೆ ಓಡಿತು. ಮೊದಮೊದಲ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಿಗೆ ಒಂದು ಕೆಟ್ಟ ಚಾಳಿಯಿತ್ತು. ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನರ್ಧವನ್ನು ಇನ್ನೊಂದು ಹೊತ್ತೊಯ್ಯುವಾಗ, ಕೈ ಬದಲಾಗುವ ಜಾಗದಲ್ಲಿ ಸಣ್ಣ ಮುಗ್ಗರಿಕೆ. ದೊಡ್ಡ ದನಿಯಲ್ಲಿ ಅದು ಮುಚ್ಚಿಹೋಗುತ್ತದೆ, ಮೆಲುದನಿಯ ಪಿಟೀಲಿನಲ್ಲಿ ಮರಳು ಸಿಕ್ಕ ಹಾಗೆ ಕಿರಿಕಿರಿ ಮಾಡುತ್ತದೆ. ವಾಕರ್ ಕಾದರು. ಸುತ್ತಲಿನವರೆಲ್ಲ ವಾಲ್ವು ಬಿಟ್ಟರೂ ಕ್ವಾಡ್ ಟೂ ತಯಾರಿಸುತ್ತಲೇ ಇದ್ದು, 1967ರಲ್ಲಿ ಆ ಮುಗ್ಗರಿಕೆಯನ್ನು ನಿವಾರಿಸಿಕೊಂಡ ಕ್ವಾಡ್ 303 ಸಿದ್ಧವಾದ ಮೇಲೆಯೇ ಹಳೆಯದನ್ನು ನಿಲ್ಲಿಸಿದರು. 1975ರಲ್ಲಿ ಚಾನೆಲ್ಲಿಗೆ 100 ವಾಟಿನ ಕ್ವಾಡ್ 405 ಬಂತು. ಅದರಲ್ಲಿ ಶುದ್ಧವಾದ ಸಣ್ಣ ಆಂಪ್ಲಿಫೈಯರ್ ಒಂದು ದನಿಯ ನಯ ನೋಡಿಕೊಂಡರೆ, ದೊಡ್ಡ ಟ್ರಾನ್ಸಿಸ್ಟರುಗಳು ಬರೀ ಭಾರ ಹೊರುತ್ತಿದ್ದವು. ಈ ಉಪಾಯಕ್ಕೆ 1978ರಲ್ಲಿ ಬ್ರಿಟನ್ನಿನ ರಾಣಿಯ ಹೆಸರಿನ ತಂತ್ರಜ್ಞಾನ ಪ್ರಶಸ್ತಿ ಬಂತು.

ಅದೇ ವರ್ಷ ನಡೆದ ಇನ್ನೊಂದು ಸಂಗತಿ ಹಳೆ ಆಂಪ್ಲಿಫೈಯರುಗಳ ಪ್ರೇಮಿಗಳಿಗೆ ಇಂದಿಗೂ ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. ಅಷ್ಟರಲ್ಲಿ ‘ವಾಲ್ವಿನ ದನಿಯೇ ಬೇರೆ, ಅದರಲ್ಲಿ ಜೀವವಿದೆ’ ಎಂಬ ಮಾತು ಹಬ್ಬಿತ್ತು. ಹಿರಿಯ ಎಂಜಿನಿಯರ್ ಜೇಮ್ಸ್ ಮಾಯರ್ ಅನುಭವಿ ಕೇಳುಗರನ್ನು ಕೂರಿಸಿ, ಯಾವುದು ನುಡಿಯುತ್ತಿದೆ ಎಂದು ಹೇಳದೆ, ಕ್ವಾಡ್ ಟೂ, 303, 405 ಮೂರನ್ನೂ ಜೋಡಿ ಜೋಡಿಯಾಗಿ ಕೇಳಿಸಿದರು. ಫಲಿತಾಂಶ ‘ವೈರ್‌ಲೆಸ್ ವರ್ಲ್ಡ್’ನಲ್ಲೇ ಪ್ರಕಟವಾಯಿತು. ಊಹೆಗಿಂತ ಮಿಗಿಲಾಗಿ ಯಾರಿಗೂ ಒಂದನ್ನೊಂದರಿಂದ ಬೇರ್ಪಡಿಸಲು ಆಗಿರಲಿಲ್ಲ. ವಾಕರ್ ಅವರಿಗೆ ಇದು ಬೇಸರದ ಸುದ್ದಿಯಾಗಿರಲಿಲ್ಲ. ಚೆನ್ನಾಗಿ ಮಾಡಿದ ಆಂಪ್ಲಿಫೈಯರುಗಳು, ಮಿತಿ ಮೀರಿ ದುಡಿಸದಿದ್ದರೆ, ಒಂದೇ ತರ ಕೇಳಿಸಬೇಕು ಎಂಬುದು ಅವರ ಬದುಕಿನುದ್ದದ ನಿಲುವು.

ಇದನ್ನು ಒಪ್ಪಿಕೊಂಡರೆ ಕ್ವಾಡ್ ಟೂ ಬೆಲೆ ಕಳೆದುಕೊಳ್ಳುವುದಿಲ್ಲ, ಇನ್ನಷ್ಟು ಏರುತ್ತದೆ. 1953ರ ನಕ್ಷೆ, ಐದು ವಾಲ್ವು, ಹಿಡಿಯಷ್ಟು ಬಿಡಿಭಾಗ ಸೇರಿಕೊಂಡು ಇಪ್ಪತ್ತೆರಡು ವರ್ಷ ಕಿರಿಯದಾದ, ಪ್ರಶಸ್ತಿ ಗೆದ್ದ ಯಂತ್ರದ ಸಮಕ್ಕೆ ನಿಂತವು ಎಂದಾಯಿತಲ್ಲ! ದನಿಯಲ್ಲಿ ಮಾಂತ್ರಿಕತೆ ಹುಡುಕಿ ಕೊಳ್ಳುವವರಿಗಿಂತ, ಈ ಕಸುಬುದಾರಿಕೆಯನ್ನು ಮೆಚ್ಚಿ ಕೊಳ್ಳುವವರು ಅದನ್ನು ಹೆಚ್ಚು ದಿನ ಉಳಿಸಿಕೊಳ್ಳುತ್ತಾರೆ. ಏಕೆಂದರೆ ಎಪ್ಪತ್ತು ವರ್ಷದ ಯಂತ್ರ ತಂದು ಪ್ಲಗ್ ಸಿಕ್ಕಿಸಿದರೆ ಹಾಡುವುದಿಲ್ಲ, ಅದನ್ನು ಬಿಚ್ಚಲೇಬೇಕು. ಬಿಚ್ಚಿದಾಗ ಒಳಗೆ ಏನಿದೆ ಎಂದು ತಯಾರಕರೇ ಹೇಳಿಟ್ಟಿದ್ದಾರೆ. ಕ್ವಾಡ್ ಟೂ ಕೈಪಿಡಿಯಲ್ಲಿ ನಕ್ಷೆಯೂ ಇದೆ, ಬಿಡಿಭಾಗಗಳ ಅಳತೆಯೂ ಇದೆ. ವಿಲಿಯಮ್ಸನ್ ಪತ್ರಿಕೆಯಲ್ಲಿ ತೋರಿದ ಆ ಬಿಚ್ಚುಮನಸ್ಸು ಇಡೀ ಒಂದು ಪೀಳಿಗೆಯ ತಯಾರಕರ ರೂಢಿಯಾಗಿತ್ತು.

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಇಂಗ್ಲೆಂಡಿನ ಅಟ್ಟಗಳಿಂದ ಇಂಥ ಆಂಪ್ಲಿಫೈಯರುಗಳನ್ನು ಹುಡುಕಿ ಒಯ್ದವರು ಹೆಚ್ಚಾಗಿ ಜಪಾನೀಯರು. ಅಲ್ಲಿನ 100 ವೋಲ್ಟಿಗೆ ಅವನ್ನು ಹೊಂದಿಸಲು ಬೇರೆ ಟ್ರಾನ್ಸ್‌ಫಾರ್ಮರ್ ಬೇಕು. ಭಾರತದ ಮಾಲೀಕರಿಗೆ ಆ ತಾಪತ್ರಯವಿಲ್ಲ. ಬ್ರಿಟನ್ನಿನ ಬೇರೆ ಬೇರೆ ಊರುಗಳ ಕರೆಂಟಿಗೆಂದು 200ರಿಂದ 250 ವೋಲ್ಟ್‌ವರೆಗೆ ಬದಲಿಸಿಕೊಳ್ಳುವ ವ್ಯವಸ್ಥೆ ಕ್ವಾಡ್ ಟೂನಲ್ಲೇ ಇದೆ.

ಹಾಗೆಂದು ಮೊದಲ ದಿನವೇ ನೇರ ಗೋಡೆಗೆ ಸಿಕ್ಕಿಸುವುದು ಬುದ್ಧಿವಂತಿಕೆಯಲ್ಲ. ಹಳೆ ರೇಡಿಯೊ ರಿಪೇರಿಯವರ ಸೀರೀಸ್ ಬೋರ್ಡು ಇಲ್ಲಿ ಕೈಹಿಡಿಯುತ್ತದೆ. ನಡುವೆ ಒಂದು ಹಳೇ ಮಾದರಿಯ 100 ವಾಟ್ ಬಲ್ಬು ಇಟ್ಟರೆ, ಒಳಗೆ ಎಲ್ಲೋ ಶಾರ್ಟ್ ಆಗಿದ್ದಾಗ ಬಲ್ಬು ಪ್ರಖರವಾಗಿ ಉರಿದು ಎಚ್ಚರಿಸುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಒಳಗಿರುವುದು 300 ವೋಲ್ಟ್ ದಾಟಿದ ಡಿಸಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕೂತಿರುತ್ತದೆ. ತಿಳಿಯದವರು ಕೈ ಹಾಕಬಾರದು.

ಕ್ವಾಡ್ ಟೂನಲ್ಲಿ ಕೆಡುವುದು ಹೆಚ್ಚಾಗಿ ಒಂದೇ ಜಾಗ. ಇಎಫ್86ಗಳಿಂದ ಕೆಟಿ66ಗಳಿಗೆ ಸಿಗ್ನಲ್ ದಾಟಿಸುವ ಎರಡು ಕೆಪಾಸಿಟರುಗಳು. ಡಿಸಿಯನ್ನು ತಡೆದು ಸಂಗೀತವನ್ನಷ್ಟೇ ಬಿಡುವುದು ಅವುಗಳ ಕೆಲಸ. ಹಳತಾಗಿ ಸೋರತೊಡಗಿದರೆ ಡಿಸಿ ಕೆಟಿ66ರೊಳಗೆ ಕರೆಂಟಿನ ಹರಿವನ್ನು ಹಿಡಿದಿಡುವ ಗ್ರಿಡ್ಡಿಗೆ ನುಗ್ಗಿ, ವಾಲ್ವು ಅಂಕೆಯಿಲ್ಲದೆ ಕರೆಂಟು ಎಳೆದು ಕಾಯುತ್ತದೆ. ಎರಡೂ ಕೆಟಿ66ಗಳಿಗೆ ಸೇರಿ ಇರುವ 180 ಓಮ್‌ನ ಒಂದು ರೆಸಿಸ್ಟರ್ ಕರಕಲಾಗುತ್ತದೆ. ಮುಂದೆ ಹೋದರೆ ಟ್ರಾನ್ಸ್‌ಫಾರ್ಮರೇ ಬಲಿ. ಬದಲಿ ಕೆಪಾಸಿಟರ್, ರೆಸಿಸ್ಟರ್‌ಗಳು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸಿಗುವ ಸಾಮಾನು. ಇಂಗ್ಲೆಂಡಿನ ಮೂಲ ಕೆಟಿ66ಗಳಿಗೆ ಮಾತ್ರ ಚಿನ್ನದ ಬೆಲೆ, ಗಿಟಾರ್ ಆಂಪ್ಲಿಫೈಯರಿನವರೂ ಅವನ್ನೇ ಬಯಸುತ್ತಾರೆ. ರಷ್ಯಾ, ಚೀನಾ, ಸ್ಲೊವಾಕಿಯಾಗಳಲ್ಲಿ ಹೊಸದಾಗಿ ತಯಾರಾಗುವ ಕೆಟಿ66ಗಳು ಕೆಲಸಕ್ಕೆ ಸಾಲದೆ ಹೋಗುವುದಿಲ್ಲ. ಹಳೆಯ ರೂಪ ಕೆಡಬಾರದು ಎನ್ನುವ ಕೆಲವರು ಸತ್ತ ಕೆಪಾಸಿಟರಿನ ಹೊರಚಿಪ್ಪನ್ನು ಟೊಳ್ಳು ಮಾಡಿ ಹೊಸದನ್ನು ಅದರೊಳಗೆ ಕೂರಿಸುತ್ತಾರೆ. ತಾಳ್ಮೆ ಬೇಡುವ ಕುಸುರಿ ಕೆಲಸ.

ಇಷ್ಟೆಲ್ಲ ಮಾಡಿ ಕೇಳುವ ಸುಖದಲ್ಲಿ ಹೊಸ ಯಂತ್ರ ಕೊಡಲಾರದ ಒಂದು ಪಾಲೂ ಇದೆ. ಅದಿರುವುದು ಕ್ವಾಡ್ ಟೂ ಜೊತೆಗೆ ಬರುತ್ತಿದ್ದ ಕ್ಯೂಸಿ ಟೂ ಎಂಬ ಕಂಟ್ರೋಲ್ ಪೆಟ್ಟಿಗೆಯಲ್ಲಿ. ಐವತ್ತರ ದಶಕದ ನಡುಭಾಗದವರೆಗೆ ಮಂದ್ರವನ್ನು ಎಷ್ಟು ತಗ್ಗಿಸಿ, ತಾರವನ್ನು ಎಷ್ಟು ಏರಿಸಿ ತಟ್ಟೆಯ ಮೇಲೆ ಕೊರೆಯಬೇಕು ಎಂಬುದರಲ್ಲಿ ಕಂಪನಿಗೊಂದು ಲೆಕ್ಕವಿತ್ತು. ನುಡಿಸುವಾಗ ಅದೇ ಲೆಕ್ಕವನ್ನು ತಿರುಗಿಸಿ ಹಾಕಬೇಕು. ಕ್ಯೂಸಿ ಟೂ ಮೇಲಿನ ಗುಂಡಿಗಳು 78ರ ತಟ್ಟೆಗೊಂದು, ಎಲ್‌ಪಿಗೊಂದು ಎಂದು ಆ ಲೆಕ್ಕ ಬದಲಿಸುತ್ತವೆ. ಪಕ್ಕದಲ್ಲಿ 5,000, 7,000, 10,000 ಹರ್ಟ್ಸ್‌ನಿಂದಾಚೆಗಿನ ಸದ್ದನ್ನು ಕತ್ತರಿಸುವ ಫಿಲ್ಟರ್ ಇದೆ. ಎಷ್ಟು ಕಡಿದಾಗಿ ಕತ್ತರಿಸಬೇಕು ಎಂಬುದಕ್ಕೂ ಒಂದು ತಿರುಪು ಕೊಟ್ಟಿದ್ದಾರೆ. ಇಂದಿನ ಹೆಚ್ಚಿನ ಆಂಪ್ಲಿಫೈಯರುಗಳಲ್ಲಿ ಇದಾವುದೂ ಇರುವುದಿಲ್ಲ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಇಬ್ಬರೂ ಮೂವತ್ತರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ ತಟ್ಟೆಗಳು ಸಂಗ್ರಾಹಕರ ಬಳಿ ಇನ್ನೂ ಉಳಿದಿವೆ. ಆ ಕಾಲದ ಮುದ್ರಣದಲ್ಲಿ ಗಾಯಕರ ದನಿ ಬಹುಪಾಲು ಇರುವುದು 5,000 ಹರ್ಟ್ಸ್‌ನ ಒಳಗೆ, ಅದರಾಚೆಗೆ ಹೆಚ್ಚಾಗಿ ಅರಗಿನ ತಟ್ಟೆಯ ಸರಪರ. 78ರ ಗುಂಡಿ ಒತ್ತಿ, ಫಿಲ್ಟರನ್ನು 7,000ದಲ್ಲಿಟ್ಟು, ಕಡಿತವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಸರಪರ ಹಿಂದೆ ಸರಿದು ತಂಬೂರಿ, ತಬಲಾ, ದನಿ ಮೂರೂ ಮುಂದೆ ಬರುತ್ತವೆ. ಸಾಲದಿದ್ದರೆ 5,000ಕ್ಕೆ ಇಳಿಸಬಹುದು, ಆದರೆ ಆಗ ತಬಲಾದ ಚಾಟಿಯ ಏಟು ಮಂಕಾಗುತ್ತದೆ. ಯಾವ ತಟ್ಟೆಗೆ ಯಾವುದು ಸರಿ ಎಂಬುದನ್ನು ಮಾಲೀಕರು ತಟ್ಟೆಯ ಲಕೋಟೆಯ ಮೇಲೆಯೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟುಕೊಳ್ಳುವುದುಂಟು.